ರಾತ್ರಿ ಒಂದೂವರೆಯ ಪಾಳಿ ಯಾರದು?



ಹ್ಯಾಮ್ ರೇಡಿಯೋ ಎಂದರೆ ಏನೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಒಮ್ಮೆ ನಿಮ್ಮಂಥವರನ್ನೇ ಕೇಳಿದ್ದೆ. ಮೂವರು ಗೊತ್ತು ಎಂದರು. ಅವರಲ್ಲಿ ಒಬ್ಬ ಅದನ್ನು ಹೊಸ ಎಫ್.ಎಂ. ಚಾನೆಲ್ ಎಂದುಕೊಂಡಿದ್ದ. ನಗಬೇಡಿ, ಅಕ್ಕನ ಮಗ ನಮ್ಮ ಮನೆಗೆ ಇರಲು ಬರುವವರೆಗೆ ನನಗೂ ಅಷ್ಟೇ ಗೊತ್ತಿತ್ತು.

ನಾನು ಎಂಜಿನಿಯರ್ ಅಲ್ಲ. ಕುಮಟೆಯಲ್ಲಿ ಬೆಳೆದು, ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ರೇಡಿಯೋ ಲೈಸೆನ್ಸ್ ನನ್ನ ಹತ್ತಿರ ಇಲ್ಲ, ಆದ್ದರಿಂದ ಮೈಕ್ ಮುಟ್ಟುವಂತಿಲ್ಲ. ಆದರೂ 2022ರಿಂದ ಆರು ಜನರ ಒಂದು ಹ್ಯಾಮ್ ತಂಡಕ್ಕೆ ಪಾಳಿ ಪಟ್ಟಿ ಬರೆಯುವವಳು ನಾನೇ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದ ಆ ಪಟ್ಟಿಗಳ ಕಥೆಯನ್ನು ನಿಮಗೆ ಹೇಳಬೇಕಾಗಿದೆ.

ಮೊದಲು ಎರಡು ಮಾತು. ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಹಣಕ್ಕಾಗಿ ಅಲ್ಲದೆ ಖುಷಿಗಾಗಿ ಸ್ವಂತ ರೇಡಿಯೋದಿಂದ ದೇಶ ವಿದೇಶಗಳ ಜೊತೆ ಮಾತನಾಡುವವರು ಹ್ಯಾಮ್‌ಗಳು. ಪ್ರತಿಯೊಬ್ಬರಿಗೂ ಒಂದು ಕಾಲ್‌ಸೈನ್ ಇರುತ್ತದೆ. ನಮ್ಮ ದೇಶದವು ಸಾಮಾನ್ಯವಾಗಿ 'ವಿಯು' ಎಂದು ಶುರುವಾಗುತ್ತವೆ. ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ಅವರದು ವಿಯು2ಆರ್‌ಜಿ. 'ಮೊಬೈಲ್ ಇರುವಾಗ ಇದೆಲ್ಲ ಯಾಕೆ ಆಂಟಿ?' ಎಂದು ನೀವು ಕೇಳುತ್ತೀರಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆಯ ನೇತೃತ್ವದಲ್ಲಿ ಒಂದು ತಂಡ ಹವ್ಯಾಸಕ್ಕೆಂದೇ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿ ರೇಡಿಯೋ ಹೂಡಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಅಲ್ಲಿಯವರೆಗೆ ಜಗತ್ತಿನ ಹ್ಯಾಮ್‌ಗಳ ಜೊತೆ ಸಂಪರ್ಕ ಎಣಿಸುತ್ತಿದ್ದ ಅದೇ ರೇಡಿಯೋ, ದ್ವೀಪದಲ್ಲಿ ಸಿಕ್ಕಿಬಿದ್ದವರ ಕ್ಷೇಮ ಸಮಾಚಾರವನ್ನು ಹೊರಗೆ ಮುಟ್ಟಿಸುವ ಕೆಲಸಕ್ಕೆ ನಿಂತಿತು. ದಿನಗಟ್ಟಲೆ ರೇಡಿಯೋ ಮುಂದೆ ಕೂತು ಅಭ್ಯಾಸವಿದ್ದವರು ಅವರು. ಆ ಅಭ್ಯಾಸ ಬರುವ ಜಾಗಗಳಲ್ಲಿ ಒಂದು, ಈ ಸ್ಪರ್ಧೆಗಳು.

ಸ್ಪರ್ಧೆಗಳು ಬಹಳ ಇವೆ. ನಮ್ಮ ತಂಡ ಸೇರುವುದು ಅಮೆರಿಕದ ಸಿಕ್ಯೂ ಪತ್ರಿಕೆ ಹುಟ್ಟುಹಾಕಿದ 'ಸಿಕ್ಯೂ ವರ್ಲ್ಡ್ ವೈಡ್' ಎಂಬುದಕ್ಕೆ. ಮಾತಿನ ಸ್ಪರ್ಧೆ ಅಕ್ಟೋಬರಿನ ಕೊನೆಯ ಪೂರ್ತಿ ಶನಿವಾರ-ಭಾನುವಾರ, ಮೋರ್ಸ್ ಸಂಕೇತದ್ದು ನವೆಂಬರಿನ ಕೊನೆಯಲ್ಲಿ. ಒಟ್ಟು 48 ತಾಸು. ಸಿಕ್ಕವರಿಗೆ 'ಫೈವ್ ನೈನ್, ಟ್ವೆಂಟಿ ಟು' ಎನ್ನಬೇಕು. 59 ಎಂದರೆ ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ ಎಂದು, 22 ಎಂದರೆ ಭಾರತ ಇರುವ ವಲಯ. ಈ ಸ್ಪರ್ಧೆಯವರು ಜಗತ್ತನ್ನು 40 ವಲಯಗಳಾಗಿ ಹಂಚಿಕೊಂಡಿದ್ದಾರೆ. ಬೇರೆ ಖಂಡದವರು ಸಿಕ್ಕರೆ 3 ಅಂಕ, ನಮ್ಮ ಏಷ್ಯಾದ ಇನ್ನೊಂದು ದೇಶದವರಾದರೆ 1, ನಮ್ಮ ದೇಶದವರೇ ಆದರೆ ಸೊನ್ನೆ. ಪ್ರತಿ ಬ್ಯಾಂಡಿನಲ್ಲೂ ಎಷ್ಟು ಬೇರೆ ಬೇರೆ ದೇಶ, ಎಷ್ಟು ವಲಯ ಸಿಕ್ಕವು ಎಂದು ಕೂಡಿಸಿ, ಅಂಕಗಳನ್ನು ಅದರಿಂದ ಗುಣಿಸುತ್ತಾರೆ. ಹಾಗಾಗಿ ಒಬ್ಬ ಕೂಗುತ್ತಿರುವಾಗ ಪಕ್ಕದಲ್ಲಿ ಇನ್ನೊಬ್ಬ ಕಿವಿಗೊಟ್ಟು ಹೊಸ ದೇಶ ಹುಡುಕುತ್ತಿದ್ದರೆ ಒಳ್ಳೆಯದು. ಲೆಕ್ಕ ಇಷ್ಟೇ. ಕಷ್ಟ ಇರುವುದು ಮನುಷ್ಯರಲ್ಲಿ.

2019ರಲ್ಲಿ ತಂಡ ಮೊದಲ ಸಲ ಕೂತಿತು. ಜಾಗ ಕರ್ಜತ್ ಹತ್ತಿರದ ತೋಟದ ಮನೆ. ತಂಡದ ಹಿರಿಯರ ಲೈಸೆನ್ಸಿನಲ್ಲಿ ಇರುವ ವಿಳಾಸವೇ ಅದು. ನಮ್ಮ ಸೊಸೈಟಿಯ ಗಚ್ಚಿಯ ಮೇಲೆ ಆಂಟೆನಾ ಹಾಕಿದರೆ ಲಿಫ್ಟು, ಎಲ್‌ಇಡಿ ದೀಪ, ಎಲ್ಲರ ಮನೆಯ ಚಾರ್ಜರುಗಳ ಗೊರಗೊರ ಸದ್ದೇ ಕೇಳುತ್ತದೆ. ನನ್ನ ಅಕ್ಕನ ಮಗ ಒಂದು ಹಾಳೆಯ ಮೇಲೆ 48 ತಾಸನ್ನು ಆರರಿಂದ ಭಾಗಿಸಿ, ತಲೆಗೆ ಎಂಟು ತಾಸು ಎಂದು ಬರೆದ. ನೋಡಲು ಬಹಳ ನ್ಯಾಯವಾಗಿತ್ತು.

ಆದರೆ ಆ ವರ್ಷ ಸ್ಪರ್ಧೆ ಬಂದದ್ದು ಅಕ್ಟೋಬರ್ 26, 27ಕ್ಕೆ. 27ರ ಭಾನುವಾರವೇ ನರಕ ಚತುರ್ದಶಿ, ಸಂಜೆಗೆ ಲಕ್ಷ್ಮೀಪೂಜೆ. ಹಾಳೆ ನೋಡಿ ಎಲ್ಲರೂ ಹೂಂ ಎಂದರು, ಮನೆಗೆ ಹೋಗಿ ಅಮ್ಮನ ಎದುರು ನಿಂತಾಗ ಉಹೂಂ ಎಂದರು. ಶನಿವಾರ ರಾತ್ರಿ ಇಬ್ಬರು ಎಣ್ಣೆಸ್ನಾನಕ್ಕೆಂದು ಲೋಕಲ್ ಹತ್ತಿ ಊರು ಸೇರಿದರು. ಇನ್ನೊಂದು ಎಡವಟ್ಟು ಕೇಳಿ. ಹಾಳೆಯಲ್ಲಿ ಹಿರಿಯರ ಪಾಳಿ 14:00ಕ್ಕೆ ಎಂದು ಬರೆದಿತ್ತು. ಅಕ್ಕನ ಮಗ ಬರೆದದ್ದು ನಮ್ಮ ಗಡಿಯಾರದ ಮಧ್ಯಾಹ್ನ ಎರಡು ಗಂಟೆ. ಆದರೆ ಹ್ಯಾಮ್‌ಗಳು ಲಾಗ್ ಬರೆಯುವುದು ಅಂತಾರಾಷ್ಟ್ರೀಯ ಸಮಯದಲ್ಲಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದೆ. ಹಿರಿಯರು ಹಳೆಯ ಅಭ್ಯಾಸದಿಂದ ಅದನ್ನು ಆ ಲೆಕ್ಕದಲ್ಲೇ ಓದಿ, ಸಂಜೆ ಏಳೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಸಮಯಕ್ಕೆ ಸರಿಯಾಗಿ ಬಂದಿಳಿದರು. ಯಾರನ್ನು ಬೈಯುವುದು? ಇಬ್ಬರೂ ಸರಿ.

ಸಾಲದ್ದಕ್ಕೆ ಅರಬ್ಬೀ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ. ಸೂರ್ಯನ ಕಲೆಗಳೂ ಆ ವರ್ಷ ತೀರಾ ಕಡಿಮೆ. ಸೂರ್ಯನಲ್ಲಿ ಸುಮಾರು 11 ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಾಗಿ ಕಡಿಮೆಯಾಗುವ ಒಂದು ಚಕ್ರವಿದೆ. ಕಲೆ ಹೆಚ್ಚಿದ್ದಾಗ ಮೇಲಿನ ಬ್ಯಾಂಡುಗಳಲ್ಲಿ ದನಿ ದೂರ ದೂರ ಹೋಗುತ್ತದೆ, ಇಲ್ಲದಿದ್ದರೆ ಅವು ಬಾವಿಯ ಹಾಗೆ ಮೌನ. ಭಾನುವಾರ ಬೆಳಗಿನ ಜಾವ ನಾನು ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ತಿಳಿದದ್ದು: ರಾತ್ರಿ ಹತ್ತರಿಂದ ಒಬ್ಬನೇ ಕೂತಿದ್ದ ಅಕ್ಕನ ಮಗ, ಹೆಡ್‌ಫೋನ್ ಹಾಕಿಕೊಂಡೇ ಮೇಜಿನ ಮೇಲೆ ಹಣೆಯಿಟ್ಟು ನಿದ್ದೆ ಹೋಗಿದ್ದ. ಎಚ್ಚರವಾದಾಗ ಏಳು ಗಂಟೆ. ಮನೆಗೆ ಬಂದವನು ಎರಡು ದಿನ ಮಾತಾಡಲಿಲ್ಲ. 'ಇನ್ನು ಈ ಜನರ ಜೊತೆ ಬೇಡ ಚಿಕ್ಕಮ್ಮ' ಎಂದ. ದೀಪಾವಳಿಯ ಹೋಳಿಗೆಯನ್ನೂ ಮುಟ್ಟಲಿಲ್ಲ. ಅಷ್ಟು ವರ್ಷದ ಸ್ನೇಹ ಒಂದು ಹಾಳೆಯಿಂದ ಮುರಿಯುವುದರಲ್ಲಿತ್ತು.

ನಂತರದ ಎರಡು ವರ್ಷ ಕೊರೊನಾ. ಒಂದು ಕೋಣೆಯಲ್ಲಿ ಆರು ಜನ ಕೂರುವ ಮಾತೇ ಇರಲಿಲ್ಲ. 2022ರಲ್ಲಿ ಮತ್ತೆ ಮಾತು ಎದ್ದಾಗ, 'ಪಟ್ಟಿ ಈ ಸಲ ನಾನು ಬರೆಯುತ್ತೇನೆ' ಎಂದೆ. ಹುಡುಗರು ನಕ್ಕರು. ಹೆಂಗಸರು ಮದುವೆಮನೆಯಲ್ಲಿ ಏನು ಮಾಡುತ್ತಾರೆ ಎಂದು ಅವರು ಎಂದಾದರೂ ನೋಡಿದ್ದರೆ ತಾನೆ! ಯಾವ ಅಡುಗೆಭಟ್ಟರು ಯಾರ ಜೊತೆ ಮಾತಾಡುವುದಿಲ್ಲ, ಯಾವ ಮಾವನಿಗೆ ಮೊದಲ ಪಂಕ್ತಿ ಬೇಕು, ಯಾರನ್ನು ರಾತ್ರಿ ಪಾತ್ರೆ ಕಾಯಲು ಬಿಟ್ಟರೆ ನಿದ್ದೆ ಮಾಡುತ್ತಾರೆ, ಇದೆಲ್ಲ ಪಾಳಿ ಪಟ್ಟಿಯಲ್ಲದೆ ಇನ್ನೇನು?

ದಾರಿ ತೋರಿಸಿದವನು ನನ್ನ ಅಣ್ಣ. ಅವನು ಸರಕು ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಡಗಿನಲ್ಲಿ ಮೂರು ಗುಂಪು ಇದ್ದು, ನಾಲ್ಕು ತಾಸು ಕೆಲಸ, ಎಂಟು ತಾಸು ವಿರಾಮ ಎಂಬ ಪದ್ಧತಿ. ಇದರಲ್ಲಿ ಒಂದು ತೊಡಕಿದೆ. ದಿನಕ್ಕೆ ನಾಲ್ಕು ತಾಸಿನ ಪಾಳಿ ಆರು. ಆರನ್ನು ಮೂರು ಗುಂಪಿಗೆ ಹಂಚಿದರೆ ದಿನಾ ಅದೇ ಗುಂಪಿಗೆ ಅದೇ ನಡುರಾತ್ರಿ ಬರುತ್ತದೆ. ಹಳೆಯ ನಾವಿಕರು ಸಂಜೆಯ ನಾಲ್ಕು ತಾಸನ್ನು ಎರಡೆರಡಾಗಿ ಒಡೆದರು. ಆಗ ಪಾಳಿ ಏಳಾಯಿತು, ಸರದಿ ತಾನಾಗಿ ದಿನಕ್ಕೊಂದು ಹೆಜ್ಜೆ ಸರಿಯಿತು. ಆ ಸಣ್ಣ ಪಾಳಿಗಳಿಗೆ ಇಂಗ್ಲಿಷಿನಲ್ಲಿ 'ಡಾಗ್ ವಾಚ್' ಎನ್ನುತ್ತಾರೆ. ಕಾಲೇಜಿನಲ್ಲಿ ಸಮುದ್ರದ ಕಥೆಗಳಲ್ಲಿ ಈ ಮಾತು ಬಂದಾಗಲೆಲ್ಲ ನಾಯಿ ಕಾಯುವ ಕೆಲಸ ಎಂದುಕೊಂಡು ದಾಟಿಸಿದ್ದೆ. ಮೂವತ್ತು ವರ್ಷದ ಮೇಲೆ ಅದರ ಉಪಯೋಗ ತಿಳಿಯಿತು.

ನಮ್ಮ ಸ್ಪರ್ಧೆ ಅಂತಾರಾಷ್ಟ್ರೀಯ ಸಮಯದ ಶನಿವಾರ ಸೊನ್ನೆ ಗಂಟೆಗೆ ಶುರುವಾಗುತ್ತದೆ, ಅಂದರೆ ನಮಗೆ ಶನಿವಾರ ಬೆಳಿಗ್ಗೆ ಐದೂವರೆ. ಆರು ಜನರನ್ನು ಮೂರು ಜೋಡಿ ಮಾಡಿದೆ. ಐದೂವರೆಯಿಂದ ಒಂಬತ್ತೂವರೆ, ಅಲ್ಲಿಂದ ಒಂದೂವರೆ, ಅಲ್ಲಿಂದ ಐದೂವರೆ. ಆಮೇಲೆ ಎರಡು ತಾಸಿನ ಎರಡು ಪಾಳಿ. ಮತ್ತೆ ರಾತ್ರಿ ಒಂಬತ್ತೂವರೆಯಿಂದ ಒಂದೂವರೆ, ಕೊನೆಗೆ ಒಂದೂವರೆಯಿಂದ ಬೆಳಗಿನ ಐದೂವರೆ. ಎರಡು ದಿನಕ್ಕೆ ಹದಿನಾಲ್ಕು ಪಾಳಿ. ಕೂಡಿಸಿದರೆ ಒಂದು ಜೋಡಿಗೆ 18 ತಾಸು, ಇನ್ನೊಂದಕ್ಕೆ 16, ಮತ್ತೊಂದಕ್ಕೆ 14. 'ಇದು ಸಮ ಇಲ್ಲವಲ್ಲ!' ಎಂದು ಅಕ್ಕನ ಮಗ ತಕ್ಷಣ ಹಿಡಿದ.

ಸಮ ಇಲ್ಲ, ನಿಜ. ಆದರೆ ಎಲ್ಲ ತಾಸುಗಳೂ ಸಮವೇ? ಆಕಾಶಕ್ಕೂ ಒಂದು ಟೈಮ್ ಟೇಬಲ್ ಇದೆ ಮಕ್ಕಳೇ, ಅದನ್ನು ತಿಳಿಯದೆ ಪಟ್ಟಿ ಬರೆಯಬಾರದು. ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ 7 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಕತ್ತಲಿರುವ ಯುರೋಪು ಸಿಗುತ್ತದೆ. ಬಿಸಿಲು ಏರಿದ ಹಾಗೆ 21, 28ರಲ್ಲಿ ಜಪಾನಿನವರು ಸಾಲುಗಟ್ಟುತ್ತಾರೆ. ಶಿಸ್ತಿನವರು, ಒಬ್ಬರ ಮೇಲೊಬ್ಬರು ಬೀಳುವುದಿಲ್ಲ, ಆದರೆ ಏಷ್ಯಾದವರಾದ್ದರಿಂದ ಒಂದೇ ಅಂಕ. ಮಧ್ಯಾಹ್ನ ಒಂದರ ಮೇಲೆ, ಸೂರ್ಯ ಚೆನ್ನಾಗಿದ್ದ ವರ್ಷ, 28ರಲ್ಲಿ ಯುರೋಪಿನ ಬಾಗಿಲು ತೆರೆಯುತ್ತದೆ. ತಲಾ ಮೂರು ಅಂಕ, ಕರೆಯುವವರು ನೂರಾರು, ಬಸ್ಸಿನ ಬಾಗಿಲಲ್ಲಿ ನುಗ್ಗಿದ ಹಾಗೆ. ಕತ್ತಲಾದ ಮೇಲೆ 14, ಆಮೇಲೆ 7. ಮೂರು ಗಂಟೆಯ ನಂತರ ಕೂಗಿ ಕೂಗಿ ಹತ್ತು ನಿಮಿಷಕ್ಕೊಬ್ಬರು ಸಿಕ್ಕರೆ ಪುಣ್ಯ, ಮನುಷ್ಯನ ಕಣ್ಣು ಎಳೆಯುವುದೂ ಅದೇ ಹೊತ್ತಿನಲ್ಲಿ. ಈಗ ಹೇಳಿ, ಮಧ್ಯಾಹ್ನ ಮೂರರ ಒಂದು ತಾಸೂ ಬೆಳಗಿನ ಜಾವ ಮೂರರ ಒಂದು ತಾಸೂ ಒಂದೇ ಎಂದು ಎಣಿಸುವುದು ಹೇಗೆ? ಎಲ್ಲರಿಗೂ ಸ್ವಲ್ಪ ಹಬ್ಬ, ಎಲ್ಲರಿಗೂ ಸ್ವಲ್ಪ ಏಕಾದಶಿ ಬರಬೇಕು. 18 ತಾಸಿನ ಜೋಡಿಗೆ ಒಂದು ಕೆಟ್ಟ ಒಂದೂವರೆ ಇದ್ದರೆ, ಭಾನುವಾರದ ಬಂಗಾರದ ಮಧ್ಯಾಹ್ನವೂ ಅವರದೇ.

ಇನ್ನು ಕೆಲವು ಸಣ್ಣ ನಿಯಮ ಮಾಡಿದೆ. ಪಟ್ಟಿಯಲ್ಲಿ ಎರಡೂ ಗಡಿಯಾರ, ಎರಡು ಬಣ್ಣದ ಶಾಯಿಯಲ್ಲಿ. ಇದಕ್ಕೆ ಇನ್ನೂ ಒಂದು ಕಾರಣ: ಯುರೋಪಿನವರು ಬೇಸಿಗೆಯ ಗಡಿಯಾರವನ್ನು ಒಂದು ತಾಸು ಹಿಂದೆ ತಿರುಗಿಸುವುದು ಅಕ್ಟೋಬರಿನ ಕೊನೆಯ ಭಾನುವಾರ, ಸರಿಯಾಗಿ ಸ್ಪರ್ಧೆಯ ನಡುವೆ. ನಾಲ್ಕು ತಾಸು ಒಬ್ಬರೇ ಕೂಗಿದರೆ ಗಂಟಲು ಉಳಿಯುವುದಿಲ್ಲ. ಆದ್ದರಿಂದ ಜೋಡಿಯಲ್ಲಿ ತಾಸಿಗೊಮ್ಮೆ ಮೈಕ್ ಬದಲು. ಪಾಳಿಗೆ ಇಪ್ಪತ್ತು ನಿಮಿಷ ಮುಂಚೆ ಎಬ್ಬಿಸುವುದು ನನ್ನ ಕೆಲಸ, ಅಲಾರಾಂನದಲ್ಲ. ಅಲಾರಾಂ ಒತ್ತಿ ಮಲಗಬಹುದು, ನನ್ನನ್ನು ಒತ್ತಲಾಗದು. ಎದ್ದವರಿಗೆ ನಮ್ಮ ಕಡೆಯ ಜೀರಿಗೆ-ಕೊತ್ತಂಬರಿ ಕಷಾಯ, ಬೆಲ್ಲ ಹಾಕಿ. ಚಹಾ ಕೇಳಿದವರಿಗೂ ಕಷಾಯವೇ.

2022 ಸುಸೂತ್ರವಾಗಿ ಮುಗಿಯಿತು, ಆದ್ದರಿಂದ ಹೇಳಲು ಏನೂ ಇಲ್ಲ.

2023ರಲ್ಲಿ ತಂಡಕ್ಕೆ ಒಬ್ಬ ಹುಡುಗಿ ಬಂದಳು. ನಮ್ಮ ಸಂಘದ ಕುಟುಂಬದವಳೇ, ಎಂಜಿನಿಯರಿಂಗ್ ಎರಡನೇ ವರ್ಷ, ಲೈಸೆನ್ಸ್ ಕೈಗೆ ಬಂದು ಕೆಲವೇ ತಿಂಗಳು. ಕನ್ನಡ ಮಾತಾಡುತ್ತಾಳೆ, ಓದುವುದು ಸ್ವಲ್ಪ ನಿಧಾನ, ನಿಮ್ಮ ಹಾಗೆಯೇ. ಅವಳನ್ನು ಹಿರಿಯರ ಜೋಡಿಗೆ ಹಾಕಿದೆ. ಸರದಿಯಂತೆ ಅವರಿಗೆ ಶನಿವಾರ ರಾತ್ರಿಯ ಒಂದೂವರೆಯೂ ಬಂತು, ಭಾನುವಾರ ಮಧ್ಯಾಹ್ನದ ಒಂದೂವರೆಯೂ ಬಂತು. ಹುಡುಗರ ಮುಖ ಸಣ್ಣದಾಯಿತು. 'ಹೊಸಬಳಿಗೆ ಮಧ್ಯಾಹ್ನದ ಮೈಕಾ? ಬೆಳಿಗ್ಗೆ ಜಪಾನ್ ಕೊಡು, ಇಲ್ಲವೇ ಲಾಗ್ ಬರೆಯಲಿ' ಎಂದರು. ಅವಳು ಬಾಗಿಲ ಹೊರಗೇ ನಿಂತಿದ್ದಳು, ಕೇಳಿಸಿಕೊಂಡಳು. 'ಆಂಟಿ, ನಾನು ಲಾಗ್ ಬರೆದರೂ ಪರವಾಗಿಲ್ಲ' ಎಂದು ಬಂದು ಹೇಳಿದಳು. ಪಟ್ಟಿ ತಿದ್ದುವ ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆರು ಜನ ರಜೆ ಹಾಕಿ, ಕೈಯಿಂದ ಖರ್ಚು ಮಾಡಿ ಬಂದಿರುವ ಆಟ ಅದು. ಆದರೂ ತಿದ್ದಲಿಲ್ಲ.

ಆ ಶನಿವಾರ, ಅಕ್ಟೋಬರ್ 28, ಇಲ್ಲಿಯವರ ಕೋಜಾಗಿರಿ ಹುಣ್ಣಿಮೆ. ಜೊತೆಗೆ ರಾತ್ರಿ ಚಂದ್ರಗ್ರಹಣ, ನಮ್ಮ ಗಡಿಯಾರದಲ್ಲಿ 1:05ರಿಂದ 2:22ರ ತನಕ. ಗ್ರಹಣದ ವೇಧೆ ಎಂದು ಮಧ್ಯಾಹ್ನದಿಂದ ಉಪವಾಸ ಇರಿ ಎಂದು ಯಾರಿಗೆ ಹೇಳಲಿ? ಕೋಜಾಗಿರಿಯ ಹಾಲು ಕುದಿಸಿ, ಮೇಲೆ ಒಂದು ದರ್ಭೆ ಹಾಕಿ ಮುಚ್ಚಿಟ್ಟೆ. ಪಂಚಾಂಗ ನೋಡಿದವಳು ನಾನು, ಪಟ್ಟಿ ಬರೆದವಳೂ ನಾನು. ಆದರೆ ಪಾಳಿ ಬದಲಾಗುವ ಒಂದೂವರೆ ಗ್ರಹಣದ ನಡುವೆಯೇ ಬರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಕ್ಕನ ಮಗನೂ ಅವನ ಜೋಡಿಯೂ ಒಂದೂಕಾಲು ದಾಟುತ್ತಲೇ, ಹೊಸ ಜೋಡಿ ಎದ್ದಿದೆ, ದನಿ ಕೇಳಿಸಿತು ಎಂದುಕೊಂಡು, ಹಿತ್ತಲಿನಲ್ಲಿ ಆಂಟೆನಾ ಕಂಬದ ಬಳಿ ಹೋಗಿ ಚಂದ್ರನನ್ನು ನೋಡುತ್ತ ನಿಂತರು. ಹಿರಿಯರೂ ಹುಡುಗಿಯೂ, ಒಳಗೆ ಹಳೆ ಜೋಡಿ ಕೂತಿದೆ ಎಂದುಕೊಂಡು ಮುಂದಿನ ಅಂಗಳದಲ್ಲಿ ನಿಂತಿದ್ದರು. ನಾನೂ ಅವರ ಜೊತೆಗೇ ಇದ್ದೆ. ಬಹಳ ಚೆಂದದ ಗ್ರಹಣ, ಚಂದ್ರನ ಒಂದು ಅಂಚನ್ನು ಮಾತ್ರ ಯಾರೋ ಕಚ್ಚಿದ ಹಾಗೆ. ಒಳಗೆ ರೇಡಿಯೋ ಮುಂದೆ ಎರಡು ಕುರ್ಚಿ, ಎರಡೂ ಖಾಲಿ.

ಎಚ್ಚರಿಸಿದವನು ಮಲಗಿದ್ದ ಮೂರನೇ ಜೋಡಿಯ ಹುಡುಗ. ಗೋಡೆಯ ಆಚೆ 'ಸಿಕ್ಯೂ ಕಾಂಟೆಸ್ಟ್, ಸಿಕ್ಯೂ ಕಾಂಟೆಸ್ಟ್' ಎಂಬ ಕೂಗು ನಿಂತದ್ದಕ್ಕೇ ಅವನಿಗೆ ಎಚ್ಚರವಾಯಿತಂತೆ. ಹಸುಗೂಸು ಅಳುವುದು ನಿಂತಾಗ ತಾಯಿಗೆ ಆಗುವ ಹಾಗೆ. ಲಾಗ್‌ನಲ್ಲಿ ಕೊನೆಯ ಸಂಪರ್ಕ 1:19, ಮುಂದಿನದು 1:52. ಮೂವತ್ತಮೂರು ನಿಮಿಷ. ಮಧ್ಯ ಯುರೋಪಿನಲ್ಲಿ ಆಗ ರಾತ್ರಿ ಹತ್ತು ಗಂಟೆ, ಎಲ್ಲರೂ ರೇಡಿಯೋ ಮುಂದೆ ಇರುವ ಹೊತ್ತು. ಅಂಗಳದಲ್ಲಿ ಪಿಸುಮಾತಿನ ಜಗಳವಾಯಿತು. ಗ್ರಹಣ ಬಿಡುವ ಮೊದಲೇ ತಪ್ಪು ಯಾರದೆಂದು ಹಂಚುವುದೂ ಮುಗಿಯಿತು. ನನ್ನ ಪಾಲನ್ನು ನಾನು ತೆಗೆದುಕೊಂಡೆ. ಅಂದಿನಿಂದ ಪಟ್ಟಿಯ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿದೆ: ಬಂದವರು ಕೂತು, ಹೆಡ್‌ಫೋನ್ ಹಾಕಿ, 'ನನ್ನದು' ಎಂದು ಹೇಳುವ ತನಕ ಇದ್ದವರು ಏಳುವಂತಿಲ್ಲ. ಯಾವ ಬ್ಯಾಂಡ್, ಈಗ ಯಾರು ಸಿಗುತ್ತಿದ್ದಾರೆ, ಆಂಟೆನಾ ಯಾವ ಕಡೆ ತಿರುಗಿದೆ, ಈ ಮೂರು ಮಾತನ್ನು ಬಾಯಿಂದಲೇ ಒಪ್ಪಿಸಬೇಕು. ಕಂಪ್ಯೂಟರಿನಲ್ಲಿ ಆಪರೇಟರ್ ಹೆಸರನ್ನೂ ಆಗಲೇ ಬದಲಿಸಬೇಕು.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಹುಡುಗಿ ಮೈಕ್ ಹಿಡಿದಳು. ಮೊದಲ ಹತ್ತು ನಿಮಿಷ ನೋಡಲಾಗಲಿಲ್ಲ. ಇಡೀ ಯುರೋಪು ಒಟ್ಟಿಗೆ ಕೂಗುತ್ತಿದೆ, ಇವಳಿಗೆ ಒಂದೂ ಹೆಸರು ಬಿಡಿಸಲು ಬರುತ್ತಿಲ್ಲ. ಕಣ್ಣಲ್ಲಿ ನೀರು. ಹಿರಿಯರು ಮೈಕ್ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಅವರು ಒಂದು ಚೀಟಿ ಎಳೆದುಕೊಂಡು, ತಮಗೆ ಕೇಳಿದ ಎರಡು ಅಕ್ಷರ ಬರೆದು ಅವಳ ಮುಂದೆ ಸರಿಸಿದರು. ಅವಳು ಆ ಎರಡು ಅಕ್ಷರ ಕೂಗಿದಳು, ಒಬ್ಬ ಉತ್ತರಿಸಿದ. ಇನ್ನೊಂದು ಚೀಟಿ. ಮೊದಲ ತಾಸಿಗೆ 38 ಸಂಪರ್ಕ. ಎರಡನೇ ತಾಸು ಹಿರಿಯರದು, 117. ಮೂರನೆಯದು ಮತ್ತೆ ಅವಳದು, 71, ಕೊನೆಯ ಅರ್ಧ ತಾಸಿನಲ್ಲಿ ಚೀಟಿ ಇಲ್ಲದೆ. ನಾಲ್ಕನೆಯದು 96.

ಅಕ್ಕನ ಮಗ ಅಂಗಳದಲ್ಲಿ ಅಡ್ಡಾಡುತ್ತ ಲೆಕ್ಕ ಹಾಕಿದ್ದ. 'ನಿನ್ನ ನ್ಯಾಯಕ್ಕೆ ನೂರು ಕಾಂಟ್ಯಾಕ್ಟ್ ಹೋಯಿತು ಚಿಕ್ಕಮ್ಮ' ಎಂದ. ಹೆಚ್ಚುಕಡಿಮೆ ಸರಿಯಾದ ಲೆಕ್ಕವೇ. ನಾನು ಗ್ರಹಣದ ಮೂವತ್ತಮೂರು ನಿಮಿಷ ಎತ್ತಲಿಲ್ಲ, ಎತ್ತಬಹುದಿತ್ತು. ಲಾಗನ್ನು ಸ್ಪರ್ಧೆ ಮುಗಿದ ಐದು ದಿನದೊಳಗೆ ಕಳುಹಿಸಬೇಕು. ನಮ್ಮವರು ರಾಜ್ಯೋತ್ಸವದ ನಾಟಕದ ತಾಲೀಮಿನ ನಡುವೆ, ಗ್ರೀನ್ ರೂಮಿನಲ್ಲಿ ಕೂತು ಕಳುಹಿಸಿದರು.

2024ರಲ್ಲಿ ಹಿರಿಯರಿಗೆ ಮೊಣಕಾಲಿನ ಶಸ್ತ್ರಕ್ರಿಯೆಯಾಗಿತ್ತು, ತಾಸುಗಟ್ಟಲೆ ಕೂರುವಂತಿರಲಿಲ್ಲ. ಐದು ಜನಕ್ಕೆ ನನ್ನ ಹಡಗಿನ ಲೆಕ್ಕ ಕೂರಲಿಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ. ಕೊನೆಗೆ ಭಾನುವಾರ ಮಧ್ಯಾಹ್ನ ಯಾರು ಎಂಬ ಜಾಗ ಖಾಲಿ ಬಿಟ್ಟು ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅಕ್ಕನ ಮಗ ಪೆನ್ಸಿಲ್ ತೆಗೆದುಕೊಂಡು ಅಲ್ಲಿ ಹುಡುಗಿಯ ಹೆಸರು ಬರೆದ. ಆಮೇಲೆ ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಚೀಟಿ ಬರೆಯುವವನ ಜಾಗಕ್ಕೆ ತನ್ನ ಹೆಸರು ಬರೆದ. ಅವಳು ಆ ಮಧ್ಯಾಹ್ನ ಒಂದು ತಾಸಿನಲ್ಲಿ 109 ಮಾಡಿದಳು. ಚೀಟಿ ಬೇಕಾಗಲಿಲ್ಲ, ಅವನು ಸುಮ್ಮನೆ ಕೂತು ಹೊಸ ದೇಶ ಹುಡುಕಿದ.

ಆರನೇ ಜಾಗ ಆಗಾಗ ಖಾಲಿ ಬೀಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಆಸೆಯಿದ್ದರೆ ಪರೀಕ್ಷೆಗೆ ಓದಲು ಶುರುಮಾಡಿ. ಲೈಸೆನ್ಸ್ ಇಲ್ಲದವರು ಬಂದು ಕೂತು ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಅಕ್ಟೋಬರಿನ ಕೊನೆಯ ಪೂರ್ತಿ ಶನಿವಾರ-ಭಾನುವಾರ, ಕರ್ಜತ್ ಲೋಕಲ್ ಹಿಡಿಯಬೇಕು, ರಾತ್ರಿ ಚಳಿಗೆ ಒಂದು ಶಾಲು ಇರಲಿ. ಮೊದಲ ಸಲ ಬಂದವರಿಗೆ ಒಂದೂವರೆಯ ಪಾಳಿ ಕೊಡುವುದಿಲ್ಲ ಎಂದು ಮಾತ್ರ ನಾನು ಮಾತು ಕೊಡಲಾರೆ.